ಮುಂಗಡ ಪಡೆದು ನಮ್ಮ ಹಾಸ್ಯ ನಾಟಕವನ್ನು ರದ್ದುಪಡಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸಭಾಭವನದ ಆಡಳಿತ ಕಚೇರಿ, ದಾವಣಗೆರೆ.

ವಿಷಯ: ನಾಟಕ ಪ್ರದರ್ಶನ ರದ್ದು, ಮುಂಗಡ ಹಣದಲ್ಲಿ ಕಡಿತ ಹಾಗೂ ಹೊಸ ದಿನಾಂಕದ ಕುರಿತು.

ಮಾನ್ಯರೇ,

ನಿಟುವಳ್ಳಿಯ ನಮ್ಮ ಹವ್ಯಾಸಿ ನಾಟಕ ತಂಡವು ಚೈನ್ ಲಿಂಕ್ ವ್ಯವಹಾರವನ್ನು, ಅಂದರೆ ಸೇರಿದವರು ತಮ್ಮ ಕೆಳಗೆ ಇನ್ನಷ್ಟು ಜನರನ್ನು ಸೇರಿಸುತ್ತ ಹೋಗುವ ಮಾರಾಟ ಜಾಲವನ್ನು, ವಿಡಂಬಿಸುವ ಹಾಸ್ಯ ನಾಟಕವೊಂದನ್ನು ಉಚಿತವಾಗಿ ಆಡಲೆಂದು ತಮ್ಮ ಸಭಾಭವನವನ್ನು ಭಾನುವಾರ ಸಂಜೆಗೆ ಗೊತ್ತುಮಾಡಿ, ಪೂರ್ಣ ಬಾಡಿಗೆಯನ್ನು ಮುಂಗಡವಾಗಿ ಕಟ್ಟಿ ರಸೀದಿ ಪಡೆದಿತ್ತು. ಕರಪತ್ರ ಹಂಚಿ, ಬೆಳಕಿನವರಿಗೂ ಪ್ರಸಾಧನದವರಿಗೂ ಹಣ ಕೊಟ್ಟಾದ ಮೇಲೆ, ಪ್ರದರ್ಶನದ ಹಿಂದಿನ ದಿನ ತಮ್ಮ ಕಚೇರಿಯಿಂದ ಕರೆ ಬಂತು. ಭಾನುವಾರ ಬೆಳಿಗ್ಗೆ ಅಲ್ಲಿ ಸೆಮಿನಾರ್ ನಡೆಸುವ ಕಂಪನಿಯವರು ನಾಟಕಕ್ಕೆ ಆಕ್ಷೇಪಿಸಿದ್ದಾರೆ, ಅವರು ವರ್ಷವಿಡೀ ಬರುವ ಗಿರಾಕಿಗಳು, ಆದ್ದರಿಂದ ಸಭಾಭವನ ಕೊಡಲಾಗದು ಎಂದು ತಮ್ಮ ಸಿಬ್ಬಂದಿ ತಿಳಿಸಿದರು. ಮುಂಗಡ ಮರಳಿಸುವಾಗ ನಿರ್ವಹಣಾ ವೆಚ್ಚವೆಂದು ಒಂದು ಭಾಗವನ್ನು ಮುರಿದುಕೊಂಡರು. ನಮಗಾಗಿ ಬಾಗಿಲನ್ನೇ ತೆರೆಯದಿದ್ದ ಮೇಲೆ ಆ ವೆಚ್ಚ ಯಾವುದೆಂಬುದಕ್ಕೆ ಉತ್ತರ ಸಿಕ್ಕಿಲ್ಲ.

ನಾಟಕವನ್ನು ಓದದೆಯೇ ಈ ತೀರ್ಮಾನ ಕೈಗೊಂಡಿರುವುದರಿಂದ ಅದರಲ್ಲಿ ಏನಿದೆ ಎಂಬುದನ್ನು ತಿಳಿಸುತ್ತಿದ್ದೇನೆ. ಅದರಲ್ಲಿ ಯಾವ ಕಂಪನಿಯ ಹೆಸರೂ ಇಲ್ಲ. ಪಾತ್ರಗಳು ಮಾರುವ ಸರ್ವರೋಗ ನಿವಾರಕ ಪುಡಿ ನಾವೇ ಕಲ್ಪಿಸಿದ್ದು. ಮಂಡಕ್ಕಿ ಭಟ್ಟಿಯ ಮಾಲೀಕರೊಬ್ಬರ ಅಳಿಯ ಟೈ ಕಟ್ಟಿಕೊಂಡು ಮನೆಮಂದಿಗೆಲ್ಲ ಐಡಿ ಮಾಡಿಸಿ ಜಾಲಕ್ಕೆ ಸೇರಿಸುತ್ತಾನೆ. ಮದುವೆ ಮನೆಯಲ್ಲಿ ಬೀಗರಿಬ್ಬರು ಯಾರ ಡೌನ್‌ಲೈನ್‌ನಲ್ಲಿ (ಕೆಳಗಿನ ಸಾಲಿನಲ್ಲಿ) ಯಾರು ಕೂರಬೇಕೆಂದು ಜಗಳವಾಡುತ್ತಾರೆ, ಅಕ್ಷತೆ ಬೀಳುವ ಹೊತ್ತಿಗೂ ಮದುಮಗನ ಕೈಯಲ್ಲಿ ಜಾಯಿನಿಂಗ್ ಫಾರ್ಮ್ ಇರುತ್ತದೆ. ಕೊನೆಯ ಅಂಕದಲ್ಲಿ ಊರಿನ ಎಲ್ಲರೂ ಡೈಮಂಡ್ ಎಂಬ ಮೇಲಿನ ದರ್ಜೆಗೆ ಏರುವ ದಾರಿಯಲ್ಲಿರುತ್ತಾರೆ, ಪುಡಿ ಕೊಳ್ಳುವವರು ಮಾತ್ರ ಒಬ್ಬರೂ ಉಳಿದಿರುವುದಿಲ್ಲ.

ಆಕ್ಷೇಪಕ್ಕೆ ಮುಖ್ಯ ಕಾರಣ ಲೆಕ್ಕದ ಮೇಷ್ಟರ ದೃಶ್ಯವೆಂದು ಕೇಳಿದ್ದೇವೆ. ಮೇಷ್ಟರು ಹೇಳುವುದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಒಬ್ಬರು ಆರು ಜನರನ್ನು ಸೇರಿಸಿ, ಆ ಆರರಲ್ಲಿ ಪ್ರತಿಯೊಬ್ಬರೂ ಮತ್ತೆ ಆರು ಜನರನ್ನು ಸೇರಿಸುತ್ತ ಹೋದರೆ ಎಂಟನೆಯ ಹಂತ ಮುಗಿಯುವಷ್ಟರಲ್ಲಿ ಒಟ್ಟು 20,15,538 ಜನ ಬೇಕಾಗುತ್ತದೆ. ಹರಪನಹಳ್ಳಿ ತಾಲ್ಲೂಕು ಇನ್ನೂ ನಮ್ಮೊಂದಿಗೇ ಇದ್ದ 2011ರ ಜನಗಣತಿಯಲ್ಲಿ ಇಡೀ ದಾವಣಗೆರೆ ಜಿಲ್ಲೆಯ ಜನಸಂಖ್ಯೆ, ತೊಟ್ಟಿಲ ಕೂಸುಗಳೂ ಸೇರಿ, 19.45 ಲಕ್ಷ. ಗುಣಾಕಾರದಿಂದ ಯಾರ ಗೌರವಕ್ಕಾದರೂ ಧಕ್ಕೆಯಾಗುವುದಿದ್ದರೆ ಅದಕ್ಕೆ ನಾಟಕ ತಂಡ ಹೊಣೆಯಲ್ಲ.

ಇದನ್ನು ಭಾಷಣದಲ್ಲಿ ಹೇಳದೆ ಹಾಸ್ಯದಲ್ಲಿ ಹೇಳಲು ಕಾರಣವಿದೆ. ಈ ವ್ಯವಹಾರದಲ್ಲಿ ಹಣ ಕಳೆದುಕೊಂಡವರು ಬಾಯಿ ಬಿಡುವುದಿಲ್ಲ, ಏಕೆಂದರೆ ಹಣ ಹೋಗುವ ಮೊದಲು ಅವರು ತಂಗಿಯನ್ನೋ ಪಕ್ಕದ ಮನೆಯವರನ್ನೋ ತಮ್ಮ ಕೆಳಗೆ ಸೇರಿಸಿರುತ್ತಾರೆ. ದೂರು ಕೊಟ್ಟರೆ ಮೊದಲ ಪ್ರಶ್ನೆ ಅವರ ಮನೆ ಬಾಗಿಲಿಗೇ ಬರುತ್ತದೆ. ನಮ್ಮ ಬಡಾವಣೆಯಲ್ಲಿ ಸ್ತ್ರೀಶಕ್ತಿ ಸಂಘದ ಸಾಲವನ್ನು ಮಾರಾಟದ ಸಾಮಾನಿನ ಕಿಟ್‌ಗೆ ಹಾಕಿ, ಮಾರಾಟವಾಗದ ಡಬ್ಬಿಗಳನ್ನು ಅಟ್ಟದ ಮೇಲಿಟ್ಟು, ಕಂತನ್ನು ಮಾತ್ರ ತಪ್ಪದೆ ಕಟ್ಟುತ್ತಿರುವ ಹೆಣ್ಣುಮಕ್ಕಳಿದ್ದಾರೆ. ತಾಲೀಮು ನೋಡಲು ಬಂದಿದ್ದ ಅವರಲ್ಲಿ ಕೆಲವರು ಬೀಗರ ದೃಶ್ಯಕ್ಕೆ ಮನಸಾರೆ ನಕ್ಕರು, ಆಮೇಲೆ ತಾವಾಗಿಯೇ ಒಬ್ಬರಿಗೊಬ್ಬರು ತಮ್ಮ ತಮ್ಮ ನಷ್ಟವನ್ನು ಹೇಳಿಕೊಂಡರು. ಅದಕ್ಕಾಗಿಯೇ ನಾವು ಈ ನಾಟಕವನ್ನು ಪಟ್ಟು ಹಿಡಿದು ಆಡಬೇಕೆನ್ನುತ್ತಿರುವುದು. ಚಿಂದೋಡಿ ವೀರಪ್ಪನವರು ಮತ್ತು ಚಿಂದೋಡಿ ಲೀಲಾ ಅವರ ನಾಟಕ ಕಂಪನಿಯನ್ನು ತನ್ನದೆಂದು ಹೇಳಿಕೊಳ್ಳುವ ಊರಿನಲ್ಲಿ ಹಾಸ್ಯ ನಾಟಕಕ್ಕೆ ರಂಗಸ್ಥಳ ನಿರಾಕರಿಸಿರುವುದು ನಮಗೆ ತುಂಬಾ ನೋವುಂಟುಮಾಡಿದೆ.

ಪದಾರ್ಥ ಮಾರಿ ಪ್ರಾಮಾಣಿಕವಾಗಿ ಸಂಪಾದಿಸುವವರನ್ನು ನಾವು ಗೇಲಿ ಮಾಡಿಲ್ಲ. ಜನರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಯೋಜನೆಗಳನ್ನು ಹಣ ಚಲಾವಣೆ ಯೋಜನೆಗಳ ನಿಷೇಧಕ್ಕೆಂದೇ 1978ರಲ್ಲಿ ಬಂದ ಕಾಯ್ದೆ ತಡೆಯುತ್ತದೆ. 2021ರ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು ಹೀಗೆ ಒಬ್ಬರ ಕೆಳಗೊಬ್ಬರನ್ನು ಸೇರಿಸಿ ಹಣ ಮಾಡುವ ಪಿರಮಿಡ್ ಯೋಜನೆಯನ್ನು ನಿಷೇಧಿಸಿವೆ, ಸೇರ್ಪಡೆ ಶುಲ್ಕ ಪಡೆಯುವುದಕ್ಕೂ ಅವಕಾಶ ಕೊಟ್ಟಿಲ್ಲ. ಆಕ್ಷೇಪಿಸಿದ ಕಂಪನಿ ಇವನ್ನು ಪಾಲಿಸುತ್ತಿದ್ದರೆ ನಾಟಕ ಅದರ ಕುರಿತಾದದ್ದೇ ಅಲ್ಲ.

ಆದ್ದರಿಂದ ಮುರಿದುಕೊಂಡ ಮೊತ್ತವನ್ನು ಮರಳಿಸಬೇಕು, ಕರಪತ್ರ ಮತ್ತು ಬೆಳಕಿಗಾಗಿ ವ್ಯರ್ಥವಾದ ವೆಚ್ಚವನ್ನು ಭರಿಸಬೇಕು, ರದ್ದತಿಯ ಕಾರಣವನ್ನು ಬರಹದಲ್ಲಿ ಕೊಡಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಮೊದಲಿನ ಬಾಡಿಗೆಗೇ ಇನ್ನೊಂದು ಭಾನುವಾರ ಸಂಜೆಯನ್ನು ನಮಗೆ ಕೊಡಬೇಕೆಂದು ಕೋರುತ್ತೇನೆ. ಕೂಲಿ ಕೆಲಸದವರಿಗೆ ಬಿಡುವಿರುವುದು ಅಂದೇ. ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ ರಸೀದಿಯ ಪ್ರತಿಯೊಂದಿಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ಸೇವಾ ನ್ಯೂನತೆಯ ದೂರು ಸಲ್ಲಿಸುತ್ತೇವೆ. ನಾಟಕದ ಪೂರ್ಣ ಪಠ್ಯವನ್ನು ಲಗತ್ತಿಸಿದ್ದೇನೆ, ದಯವಿಟ್ಟು ಓದಿ.

ಇಂತಿ ತಮ್ಮ ವಿಶ್ವಾಸಿ,
ಸಂಚಾಲಕ, ಹವ್ಯಾಸಿ ನಾಟಕ ತಂಡ,
ನಿಟುವಳ್ಳಿ, ದಾವಣಗೆರೆ.