ಒಂಟಿ ಹಲಗೆಯ ಸಾರುವೆ

ಸಂಪಾದಕರಿಗೆ ನಮಸ್ಕಾರ.

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ಸತ್ತಾಗ ಊರೆಲ್ಲ ಅದೇ ಮಾತು. ಗೋಡೆ ಕೆಲಸಕ್ಕೆ ಬೊಂಬು ಕಟ್ಟಿ ಹಲಗೆ ಹಾಸಿದ ಸಾರುವೆಯಿಂದ ಒಬ್ಬ ಗೌಂಡಿ ಬಿದ್ದರೆ ಪಕ್ಕದ ಓಣಿಗೂ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲೇ ಹಾಗಾಯಿತು, ಅದಕ್ಕೇ ಈ ಪತ್ರ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಹೊರಗೋಡೆಗೆ ಗಿಲಾವು ಮಾಡಿಸುತ್ತಿದ್ದೆವು. ನಾಲ್ಕು ಬೊಂಬು, ಹಳೇ ಹಗ್ಗ, ಮೇಲೆ ಒಂದೇ ಹಲಗೆ. ಅಗಲ ಒಂದು ಗೇಣಿಗಿಂತ ತುಸು ಜಾಸ್ತಿ. ಸಿಮೆಂಟ್ ಬುಟ್ಟಿ, ನೀರಿನ ಡಬ್ಬಿ, ಮನುಷ್ಯ ಎಲ್ಲ ಅದರ ಮೇಲೆಯೇ. "ಇನ್ನೊಂದು ಹಲಗಿ ಹಾಕ್ರಿ" ಎಂದೆ. "ಎರಡು ದಿನದ ಕೆಲಸ ಐತ್ರಿ ಸಾಹೇಬ್ರ, ಸುಮ್ನ ಬಾಡಿಗಿ ಯಾಕ?" ಎಂದರು ಗುತ್ತಿಗೆದಾರರು. ನಾನೂ ಸುಮ್ಮನಾದೆ. ಉಳಿಯುವುದು ನನ್ನ ದುಡ್ಡೇ ಅಲ್ವಾ.

ರಾತ್ರಿ ಮಳೆಗೆ ನೆನೆದ ಹಗ್ಗ ಬಿಸಿಲಿಗೆ ಒಣಗಿ ಸಡಿಲಾಗಿತ್ತು. ಮಧ್ಯಾಹ್ನ ಅಡ್ಡಬೊಂಬು ಜಾರಿತು. ಗೌಂಡಿ ಹನ್ನೆರಡು ಅಡಿ ಮೇಲಿಂದ ಕಾಲೂರಿ ಬಿದ್ದರು, ಹಿಮ್ಮಡದ ಎಲುಬು ಪುಡಿಯಾಯಿತು. ಗಾಬರಿಯಲ್ಲಿ ನಾವೇ ಎತ್ತಿ ಆಟೋದಲ್ಲಿ ಕೂರಿಸಿದೆವು. ಡಾಕ್ಟರ್ ಬೈದರು. ಹೀಗೆ ಬಿದ್ದವರ ಬೆನ್ನೆಲುಬಿಗೂ ಪೆಟ್ಟಾಗಿರಬಹುದು, ಅಲುಗಾಡಿಸದೆ 108ಕ್ಕೆ ಫೋನ್ ಮಾಡಬೇಕಿತ್ತಂತೆ. ಪುಣ್ಯಕ್ಕೆ ಬೆನ್ನು ಉಳಿದಿತ್ತು. ಆದರೆ ಐದು ತಿಂಗಳಾದರೂ ಅವರು ಕರಣೆ ಹಿಡಿದಿಲ್ಲ. ಈಗ ಅವರ ಹೆಂಡತಿ ಬೇರೆ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಾರೆ.

ಅವರ ಹತ್ತಿರ ಕಾರ್ಮಿಕ ಕಾರ್ಡ್ ಇರಲಿಲ್ಲ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅಪಘಾತವಾದರೆ ನೆರವು ಸಿಗುತ್ತದೆ. ಇಪ್ಪತ್ತು ವರ್ಷ ಗೋಡೆ ಕಟ್ಟಿದವರಿಗೆ, 90 ದಿನ ಕೆಲಸ ಮಾಡಿದ್ದಾರೆ ಎಂದು ಬರೆದುಕೊಡುವವರು ಒಬ್ಬರೂ ಸಿಗಲಿಲ್ಲವಂತೆ! ನಾನೂ ಕೇಳಿರಲಿಲ್ಲ ಬಿಡಿ.

ಉಳಿದ ಗೋಡೆಗೆ ಎರಡು ಹಲಗೆ, ತಡೆಗೆ ಅಡ್ಡ ಬೊಂಬು ಹಾಕಿಸಿದೆ. ಹೆಚ್ಚಾದ ಬಾಡಿಗೆ ನಾಲ್ಕು ಜನ ಮಿರ್ಚಿ ತಿಂದು ಚಹಾ ಕುಡಿದಷ್ಟು.

ಕಟ್ಟಡದ ಪರವಾನಗಿ ಕೊಡುವಾಗ ನಕ್ಷೆ ನೋಡುತ್ತಾರೆ. ಕಾರ್ಮಿಕರ ಹೆಸರಿನಲ್ಲಿ ಖರ್ಚಿನ ಶೇ 1ರಷ್ಟು ಸೆಸ್ ಕೂಡ ಇದೆ. ಸಾರುವೆ ನೋಡಲು ಮಾತ್ರ ಯಾರೂ ಬರುವುದಿಲ್ಲ. ಪಾಲಿಕೆ ಮತ್ತು ಕಾರ್ಮಿಕ ಇಲಾಖೆಯವರು ಒಂದು ದಿನ ಗೋಕುಲ ರಸ್ತೆ, ಕೇಶ್ವಾಪುರದ ಒಳ ಓಣಿಗಳಲ್ಲಿ ಓಡಾಡಲಿ. ಸೊಂಟದೆತ್ತರಕ್ಕೆ ತಡೆ ಇಲ್ಲದ, ಒಂಟಿ ಹಲಗೆಯ ಸಾರುವೆ ಕಂಡರೆ ಅವತ್ತೇ ಕೆಲಸ ನಿಲ್ಲಿಸಿ ನೋಟಿಸ್ ಕೊಡಲಿ. ಗುತ್ತಿಗೆದಾರರಿಗಷ್ಟೇ ಅಲ್ಲ, ನನ್ನಂಥ ಮನೆ ಮಾಲೀಕರಿಗೂ.

– ಒಬ್ಬ ಓದುಗ, ನವನಗರ, ಹುಬ್ಬಳ್ಳಿ