ಹಾಡಿನ ಕೆಳಗೆ ಕಡ್ಡಿ ಓಡಲಿ

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ದೊಡ್ಡಪ್ಪನ ಮಂಡಿನೋವು ಈಗ ಸ್ವಲ್ಪ ಕಡಿಮೆ. ಭಾನುವಾರ ಫೋನಿನಲ್ಲಿ ನಿನ್ನ ತರಗತಿಯ ಮಕ್ಕಳ ಬಗ್ಗೆ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಇದೆ. "ಮಕ್ಕಳು ಹಾಡನ್ನೆಲ್ಲ ಗಿಣಿ ಹಾಗೆ ಒಪ್ಪಿಸ್ತಾರೆ ದೊಡ್ಡಮ್ಮ, ಅಕ್ಷರದ ಕಾರ್ಡು ಕೈಗೆ ಕೊಟ್ರೆ ಒಂದಕ್ಷರ ಗುರುತು ಹಿಡಿಯಲ್ಲ" ಅಂದೆ. ನಿನ್ನ ದನಿ ಸೋತಿತ್ತು. ಇದನ್ನೆಲ್ಲ ಫೋನಿನಲ್ಲಿ ಹೇಳಿ ಮುಗಿಸೋಕಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೂ ಹೀಗೇ ಆಗಿತ್ತು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ, ಹಾಡು-ಆಟದ ಮೂಲಕ ಕಲಿಸುವ ನಲಿ-ಕಲಿ ಶುರುವಾದಾಗ ನಾನು ಅದೇ ತಾಲ್ಲೂಕಿನ ಶಾಲೆಯಲ್ಲಿದ್ದೆ. ಬೆತ್ತ ಬದಿಗಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂತು ಹಾಡುವುದು ನಮಗೆಲ್ಲ ಹೊಸದು. ಎರಡನೇ ವರ್ಷದ ಹೊತ್ತಿಗೆ ನನ್ನ ಕೊಠಡಿಯಲ್ಲಿ ದಿನವೆಲ್ಲ ಹಾಡೇ ಹಾಡು. ನೋಡಲು ಬಂದವರು ಹೊಗಳಿದರು. ನಾನೂ ನಂಬಿಬಿಟ್ಟೆ. ಒಂದು ದಿನ ಒಬ್ಬ ಹುಡುಗನನ್ನು ಕರೆದು, ಚಾರ್ಟಿನ ಮೇಲೆ ಬೆರಳಿಟ್ಟುಕೊಂಡು ಹಾಡು ಹೇಳು ಅಂದೆ. ಬೆರಳು ಸಾಲಿನ ಕೊನೆ ಮುಟ್ಟಿತು, ಬಾಯಿ ಇನ್ನೂ ಅರ್ಧದಲ್ಲೇ ಇತ್ತು. ಬೆರಳನ್ನು ಅಲ್ಲೇ ಊರಿಕೊಂಡು ಉಳಿದದ್ದನ್ನೂ ಜೋರಾಗಿ ಹಾಡಿ ಮುಗಿಸಿದ. ಒಂದು ಮಾತೂ ತಪ್ಪಿರಲಿಲ್ಲ. ಅವನ ಪಾಲಿಗೆ ಬಾಯಲ್ಲಿದ್ದ ಹಾಡೇ ಬೇರೆ, ಗೋಡೆ ಮೇಲಿದ್ದ ಗೆರೆಗಳೇ ಬೇರೆ. ಅವೆರಡೂ ಒಂದೇ ಅಂತ ನಾನು ತೋರಿಸಿಕೊಟ್ಟೇ ಇರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸುಮ್ನೆ ಹಾಡಿಸುತ್ತಾ ಹೋದರೆ ಓದು ಬರಲ್ಲ ಕಣಮ್ಮ. ಹಾಡು ಕಿವಿಯನ್ನು ಹದ ಮಾಡುತ್ತೆ, ಅಷ್ಟೆ. ಕಿವಿಗೆ ಬಿದ್ದದ್ದನ್ನು ಕಣ್ಣಿಗೆ ದಾಟಿಸಬೇಕಾದವಳು ನೀನು. ಅದಕ್ಕೆ ಚಪ್ಪಾಳೆ ಸಾಕು, ಜೊತೆಗೆ ಒಂದು ಕಡ್ಡಿ.

ಕನ್ನಡದಲ್ಲಿ ನಮಗೊಂದು ದೊಡ್ಡ ಅನುಕೂಲ ಇದೆ. ಬಾಯಿ ತುಂಡು ಮಾಡಿ ಹೇಳುವುದೂ ಕೈ ಬರೆಯುವುದೂ ಹೆಚ್ಚುಕಡಿಮೆ ಒಂದೇ. 'ಗರಗಸ' ಅಂತ ಚಪ್ಪಾಳೆ ತಟ್ಟಿ ಹೇಳು. ನಾಲ್ಕು ಚಪ್ಪಾಳೆ. ಬೋರ್ಡಿನ ಮೇಲೂ ನಾಲ್ಕೇ ಅಕ್ಷರ. ಇಂಗ್ಲಿಷ್ ಓದಲು ಕಲಿಯುವ ಮಗುವಿಗೆ ಇಷ್ಟು ಸಲೀಸಿಲ್ಲ. ಅದು ಒಂದೊಂದು ತುಂಡನ್ನೂ ಮತ್ತೆ ಒಡೆದು ಸಣ್ಣ ಸಣ್ಣ ದನಿಗಳನ್ನು ಹುಡುಕಬೇಕು. ನಮ್ಮ ಮಕ್ಕಳಿಗೆ ತಾಳ ಗೊತ್ತಾದರೆ ಅರ್ಧ ದಾರಿ ಬಂದ ಹಾಗೆ.

ನಮ್ಮ ನಲಿ-ಕಲಿಯಲ್ಲಿ ಮೊದಲು ಕಲಿಸುವುದು ರ ಗ ಸ ದ ಅ ಅಲ್ವಾ? ಆ ಐದರಲ್ಲೇ ನಾನೊಂದು ಹಾಡು ಕಟ್ಟಿಕೊಂಡಿದ್ದೆ:

ಅರಸರ ದಸರ
ಸರಸರ ಅಗಸ
ಗರಗರ ಗರಗಸ

ಇದರಲ್ಲಿ ಹೆಚ್ಚು ಅರ್ಥ ಹುಡುಕಬೇಡ. ಆದರೆ ಐದೇ ಅಕ್ಷರ ಬಲ್ಲ ಮಗು ಒಂದಿಡೀ ಹಾಡನ್ನು ತಾನೇ ಓದುತ್ತೆ. ಆಗ ಅದರ ಮುಖ ನೋಡಬೇಕು ನೀನು!

ಮೊದಲ ದಿನ ಬರೀ ಹಾಡಿ, ಕುಣಿಯಿರಿ. ಚಾರ್ಟು ಬೇಡವೇ ಬೇಡ. ಮಾರನೇ ದಿನ ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕು. ಹಾಡುವಾಗ ಪ್ರತಿ ಅಕ್ಷರದ ಕೆಳಗೂ ಕಡ್ಡಿ ಓಡಲಿ. ತಾಳ ನಿಧಾನ ಇರಲಿ. ಕಡ್ಡಿ ಮುಂದೆ, ಬಾಯಿ ಹಿಂದೆ ಆಗಬಾರದು. ನಾಲ್ಕೈದು ದಿನ ಆದ ಮೇಲೆ ಕಡ್ಡಿಯನ್ನು ಮಕ್ಕಳ ಕೈಗೇ ಕೊಡು. ನಡುವೆ ಥಟ್ಟನೆ ಹಾಡು ನಿಲ್ಲಿಸಿ "ಕಡ್ಡಿ ಎಲ್ಲಿದೆ?" ಅಂತ ಕೇಳು. ಬಾಯಿಪಾಠ ಯಾರದು, ಓದು ಯಾರದು ಅನ್ನೋದು ಆ ಒಂದು ಪ್ರಶ್ನೆಯಲ್ಲೇ ಗೊತ್ತಾಗುತ್ತೆ. 'ಗರಗರ', 'ಗರಗಸ' ಎರಡನ್ನೂ ಅಕ್ಕಪಕ್ಕ ಇಟ್ಟು, ನಾಲಿಗೆ ಎಲ್ಲಿ ಬದಲಾಯಿತು, ಗೆರೆ ಎಲ್ಲಿ ಬದಲಾಯಿತು ಅಂತ ಅವರೇ ಹುಡುಕಲಿ. ನೀನು ಹೇಳಿಕೊಡಬೇಡ.

ರಾಗದ ವಿಷಯ ಒಂದಿದೆ, ಇದನ್ನು ಕಲಿಯಲು ನನಗೆ ಸುಮಾರು ವರ್ಷ ಹಿಡಿಯಿತು. 'ಮರ' ಅನ್ನೋದನ್ನ ರಾಗಕ್ಕೆ 'ಮರಾ' ಅಂತ ಎಳೆದು ಹಾಡಿಸಿದರೆ ಮಗು 'ಮರಾ' ಅಂತಲೇ ಬರೆಯುತ್ತೆ. ತಪ್ಪು ಮಗುವಿನದಲ್ಲ, ರಾಗದ್ದು. ಬಳೆ-ಬಾಳೆ, ಹಳೆ-ಹಾಳೆ ಬರುವ ಹಾಡಿಗಂತೂ ತುಂಬಾ ಎಚ್ಚರ ಬೇಕು. ದೀರ್ಘ ಇದ್ದಲ್ಲಿ ಮಾತ್ರ ದನಿ ಎಳೆಯಲಿ, ಜೊತೆಗೆ ಕೈಯನ್ನೂ ಉದ್ದಕ್ಕೆ ಚಾಚಲಿ.

ಒತ್ತಕ್ಷರಕ್ಕೆ ಬರೀ ಚಪ್ಪಾಳೆ ಸಾಲದು. 'ಅಜ್ಜ' ಅನ್ನುವಾಗ ಬಾಯಿ 'ಅಜ್' ಅಂತ ನಿಂತು ಆಮೇಲೆ 'ಜ' ಅನ್ನುತ್ತೆ. ಬರೆಯುವಾಗ ಮಾತ್ರ 'ಅ' ಒಂಟಿ, ಆ ಒತ್ತೆಲ್ಲ ಮುಂದಿನ ಅಕ್ಷರದ ಕಾಲ ಕೆಳಗೆ. ಮಕ್ಕಳು 'ಅಜ' ಅಂತ ಬರೆಯುವುದು ಇದಕ್ಕೇ. ಒತ್ತು ಬಂದಾಗ ದನಿ ಹಿಂದಿನ ಅಕ್ಷರದ ಮೇಲೆ ಭಾರ ಬಿಡುತ್ತೆ ನೋಡು, ಅಲ್ಲಿ ಕಾಲು ಕುಟ್ಟಿಸು. 'ಕಾಲು ಕುಟ್ಟಿದ್ದೀಯಲ್ಲ, ಒತ್ತು ಎಲ್ಲಿ?' ಅಂದರೆ ತಾವೇ ತಿದ್ದಿಕೊಳ್ಳುತ್ತಾರೆ. ಅವಸರ ಬೇಡ. ಕಾಗುಣಿತ ಕೂತ ಮೇಲೆ ಸಾಕು.

ಮೂಲೆಯಲ್ಲಿ ಕೂತು ಬಾಯಿ ಬಿಡದ ಹುಡುಗನ ಬಗ್ಗೆಯೂ ಹೇಳಿದೆಯಲ್ಲ. ನನ್ನ ತರಗತಿಗೆ ಆದಿವಾಸಿಗಳ ಹಾಡಿಯಿಂದ ಒಬ್ಬ ಜೇನುಕುರುಬರ ಹುಡುಗಿ ಬರುತ್ತಿದ್ದಳು. ಒಂದು ತಿಂಗಳು ಒಂದು ಮಾತಾಡಲಿಲ್ಲ. ಮನೆ ಮಾತೇ ಬೇರೆ, ನಮ್ಮ ಹಾಡು ಅವಳಿಗೆ ಹೇಗೆ ಹತ್ತಬೇಕು? ಒಮ್ಮೆ ಊಟದ ಬಿಡುವಿನಲ್ಲಿ ಕಲ್ಲಾಡುತ್ತಾ ಏನೋ ಗುನುಗುತ್ತಿದ್ದಳು. ಹತ್ತಿರ ಕೂತು, ಮತ್ತೊಂದು ಸಲ ಹೇಳು ಪುಟ್ಟಾ ಅಂದೆ. ಕೇಳಿದಂತೆ ಕನ್ನಡ ಅಕ್ಷರದಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಒಂದು ಮಾತು ಮೂರು ಸಲ ಬರುತ್ತಿತ್ತು. ಅವಳು ಸುಮಾರು ಹೊತ್ತು ನೋಡಿದಳು. ಆಮೇಲೆ ಮೊದಲನೆಯದರ ಮೇಲೆ ಬೆರಳಿಟ್ಟಳು, ಎರಡನೆಯದರ ಮೇಲೆ ಇಟ್ಟಳು, ಮೂರನೆಯದನ್ನೂ ಹುಡುಕಿ ಇಟ್ಟಳು. ಆ ಮೂರು ಒಂದೇ ಅಂತ ನಾನು ಹೇಳಿರಲಿಲ್ಲ. ಆ ಸಂಜೆ, ಕೊಠಡಿಯಲ್ಲಿ ಮಕ್ಕಳ ಕೆಲಸ ತೂಗುಹಾಕುವ ಚಪ್ಪರದ ದಾರಕ್ಕೆ, ಅವಳ ಹಾಡನ್ನು ಹಾಳೆಯಲ್ಲಿ ಬರೆದು ಅದನ್ನೇ ಮೊದಲು ಕಟ್ಟಿದೆ.

ಫೋನಿನಲ್ಲಿ ಹಾಡು ಹಾಕಿ ಕೂರಿಸಬೇಡ. ಬಣ್ಣ, ಕುಣಿತ ಎಲ್ಲ ಜಾಸ್ತಿ. ಮಕ್ಕಳ ಕಣ್ಣು ಚಿತ್ರದ ಹಿಂದೆ ಓಡುತ್ತೆ, ಅಕ್ಷರದ ಮೇಲೆ ನಿಲ್ಲಲ್ಲ. ಮಗು ತಡವರಿಸಿದಾಗ ಅದು ನಿಂತು ಕಾಯಲ್ಲ, ನೀನು ಕಾಯುತ್ತೀಯ. ಕಂಠ ಚೆನ್ನಾಗಿಲ್ಲ ಅಂತ ಹಿಂಜರಿಯಬೇಡ ಮಗಳೇ, ನಿನ್ನ ದನಿ ಅವರಿಗೆ ಬೇಕು.

ಪಕ್ಕದ ಮನೆಯವರು ಬುಧವಾರ ನಿಮ್ಮ ಕಡೆ ಬರುತ್ತಿದ್ದಾರೆ. ಅವರ ಕೈಲಿ ನನ್ನ ಹಳೇ ಚಾರ್ಟು ಆರು ಕಳಿಸುತ್ತಿದ್ದೇನೆ, ಜೊತೆಗೆ ನನ್ನ ಬಿದಿರು ಕಡ್ಡಿ. ತುದಿಗೆ ಕೆಂಪು ದಾರ ಸುತ್ತಿದ್ದೇನೆ, ದೂರ ಕೂತವರಿಗೂ ಕಾಣುತ್ತೆ. ಆ ಹುಡುಗನ ಮನೆಯಲ್ಲಿ ಅಜ್ಜಿ ಇದ್ದಾರಾ, ಏನು ಹಾಡುತ್ತಾರೆ ಅಂತ ವಿಚಾರಿಸು. ಗೊತ್ತಾದ ಕೂಡಲೇ ನನಗೆ ಬರಿ.

ಇಂತಿ ನಿನ್ನ
ದೊಡ್ಡಮ್ಮ