ಶನಿವಾರದ ಬೆಂಗಳೂರು ಸುತ್ತಾಟ

ಎಲ್ಲರಿಗೂ ನಮಸ್ಕಾರ. ಈ ಸಲ ಲಾಲ್‌ಬಾಗ್, ವಿಧಾನಸೌಧ ಬೇಡ. ತುಮಕೂರಿನವರಿಗೆ ಅವು ಸ್ಕೂಲ್ ಟೂರ್‌ನಲ್ಲೇ ಮುಗಿದಿವೆ, ಅಲ್ವಾ? ಹಳೇ ಬಡಾವಣೆಗಳಲ್ಲಿ ನಡೆಯೋಣ.

ಮಲ್ಲೇಶ್ವರದಲ್ಲಿ ನಿಲ್ಲುವ ಬೆಳಗಿನ ರೈಲನ್ನೇ ಹಿಡಿಯೋಣ. ಮೊದಲು ಕಾಡು ಮಲ್ಲೇಶ್ವರ. ಶಿವಾಜಿಯ ಮಲಸಹೋದರ ಏಕೋಜಿಯ ಕಾಲದ ಗುಡಿ ಇದು. ಎದುರಿನ ನಂದಿತೀರ್ಥ ಬಹಳ ವರ್ಷ ಮಣ್ಣಿನಡಿ ಇತ್ತು. ಅಲ್ಲಿ ನಂದಿಯ ಬಾಯಿಂದ ಲಿಂಗದ ಮೇಲೆ ನೀರು ಬೀಳುವುದನ್ನು ಸುಮ್ನೆ ಕೂತು ನೋಡಬೇಕು. ಆಮೇಲೆ ಬೆಣ್ಣೆ ದೋಸೆ.

ಸಂಪಿಗೆ ರಸ್ತೆಯಿಂದ ಮೆಟ್ರೋ ಹತ್ತಿದರೆ ಎರಡನೇ ಸ್ಟೇಷನ್ನೇ ಚಿಕ್ಕಪೇಟೆ. ನನಗೆ ತುಂಬಾ ಇಷ್ಟದ ಜಾಗ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರೆಂದರೆ ಈ ಪೇಟೆಗಳೇ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ: ಕಸುಬು ಹೆಸರಲ್ಲೇ ಇದೆ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗ, ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಆ ದಾರಿಯಲ್ಲಿ ಒಮ್ಮೆ ನಡೆಯಬೇಕು ಅಂತ ನನಗೆ ಬಹಳ ಆಸೆ.

ಭಾನುವಾರ ಪೇಟೆಯ ಎಷ್ಟೋ ಅಂಗಡಿ ಮುಚ್ಚಿರುತ್ತವೆ, ಅದಕ್ಕೇ ಶನಿವಾರ. ಗಲ್ಲಿಗಳು ಇಕ್ಕಟ್ಟು, ಹಿರಿಯರ ಜೊತೆ ಒಬ್ಬೊಬ್ಬರು ಇರಿ. ಮನೆಗಳ ಒಳಗೆ ಕೇಳದೆ ಫೋಟೋ ತೆಗೆಯಬೇಡಿ. ನೀರಿನ ಬಾಟಲಿ, ಬಟ್ಟೆ ಚೀಲ ತನ್ನಿ. ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.